ಬೀಳಗಿಯಲ್ಲಿ ಮುತ್ತಜ್ಜನ ಎಡೆ

೧೯೮೪ರಲ್ಲಿ ಏಳನೇ ಇಯತ್ತೆಗೆ ಶಾಲೆ ಬಿಟ್ಟು ರಬಕವಿಯಲ್ಲಿ ಮಗ್ಗಕ್ಕೆ ಕುಳಿತವನು ನಾನು. ಇಂದು ಹಿರಿಯರಿಗೆ ಎಡೆ ಹಿಡಿಯುವ ಅಮಾವಾಸ್ಯೆ, ಮಗ್ಗಕ್ಕೆ ರಜೆ. ಮನೆಯಲ್ಲಿ ನಾಲ್ಕು ಎಡೆ ಹಿಡಿದು ಬೀಳಗಿಯ ಬಸ್ಸು ಹತ್ತಿದೆ.

ಮುತ್ತಜ್ಜ ಸಿದ್ದಪ್ಪ ಬ್ರಿಟಿಷರ ದಂಡಿನ ಹೇಸರಗತ್ತೆ ಹೊಡೆಯಲು ವಾಯವ್ಯ ಗಡಿಯ ಗುಡ್ಡಗಳಿಗೆ ಹೋದವನು ಮರಳಲಿಲ್ಲ. ಸತ್ತ ಸುದ್ದಿಯೂ ಬರಲಿಲ್ಲ. ಮುತ್ತಜ್ಜಿ ಸಾಯುವತನಕ ಹಸಿರು ಬಳೆ ತೊಟ್ಟು ದಾರಿ ನೋಡಿದಳು. ಹಾಗಾಗಿ ಅವನಿಗೆ ನಾವು ಎಂದೂ ಎಡೆ ಹಿಡಿದಿಲ್ಲ. ಅವನ ಜೊತೆ ಹೋಗಿ ಬದುಕಿ ಬಂದವನ ಮೊಮ್ಮಗ ಬೀಳಗಿಯಲ್ಲಿದ್ದಾರೆಂದು ತಿಳಿದು ಕೇಳಲು ಹೋದೆ.

ಆ ಮುದುಕರು ಎಡೆಗಳ ಮುಂದೆಯೇ ಕುಳಿತಿದ್ದರು. ನಾನು ಮುತ್ತಜ್ಜನ ಹೆಸರು ಹೇಳಿದೊಡನೆ ಕೊನೆಯ ಎಲೆ ತೋರಿಸಿದರು.

"ಇದು ನಿಮ್ಮ ಸಿದ್ದಪ್ಪಂದರೀ. ಗುಡ್ಡದ ಮಂದಿ ಗುಂಡು ಬಡದು ನಮ್ಮಜ್ಜನ ತೊಡಿ ಮ್ಯಾಲ ಜೀವ ಬಿಟ್ಟನಂತ. ಆ ಮಂದಿನ್ನ ಬೈಬ್ಯಾಡ್ರಿ, ತಮ್ಮ ಮನಿ ಸುಡಾಕ ಬಂದವ್ರಿಗೆ ಹೊಡದ್ರು, ಅಂತಿದ್ದ ಅಜ್ಜ."

"ಮತ್ತ ನಮ್ಮ ಮನಿಗ್ಯಾಕ ಹೇಳಲಿಲ್ಲರೀ?"

"ಹೇಳಾಕಂತನ ರಬಕವಿಗೆ ಬಂದಿದ್ದ. ನಿಮ್ಮ ಮುತ್ತಜ್ಜಿ ಹೊಸ ಬಳಿ ಇಡಿಸ್ಕೊಳ್ಳಾಕತ್ತಿದ್ಲಂತ. ನೀರ ಕುಡದು ಹಂಗ ಎದ್ದು ಬಂದ. ಅವತ್ತಿಂದ ಎಡಿ ನಾವ ಹಿಡೀತೀವಿ. ಕೂಡ್ರಿ, ಇದನ್ನ ನೀವ ಉಣಬೇಕು."

ಆ ಎಲೆಯಲ್ಲಿ ಮಾತ್ರ ಎರಡು ಗಾರಿಗೆ ಹೆಚ್ಚಿದ್ದವು.

"ಅವಗ ಗಾರಿಗಿ ಭಾಳ ಸೇರತಿದ್ದುವಂತಲ್ರೀ" ಎಂದರು.

ನಮ್ಮ ಮನೆಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ.

ಬಸ್ಸಿನಲ್ಲಿ ಬರೆಯುತ್ತಿದ್ದೇನೆ. ಈಗ ನನಗಿರುವುದು ಸ್ವಂತ ದುಡಿಮೆಯ ಎಂಟು ಮಗ್ಗ, ಒಂದು ಮನೆ, ಹಿರಿಯರ ಐದು ಎಡೆ.