ಹೂ ಬಿಡದ ಜಾಜಿ

ಮೂವತ್ತು ವರ್ಷ ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದೆ. ಗಿಡ ಯಾವಾಗ ಹೂ ಬಿಡುತ್ತದೆ, ಯಾಕೆ ಬಿಡುತ್ತದೆ ಎಂಬುದನ್ನು ಬೋರ್ಡಿನ ಮೇಲೆ ಚಿತ್ರ ಬರೆದು ಹೇಳುತ್ತಿದ್ದೆ. ನಿವೃತ್ತನಾದ ಮೇಲೆ ಬಳ್ಳಾರಿಯ ಗಾಂಧಿನಗರದ ನಮ್ಮ ಮನೆ ಮುಂದೆ ಜಾಜಿ ಬಳ್ಳಿ ಬೆಳೆಸಿದೆ. ಮೂರು ವರ್ಷ ಅದು ಒಂದೇ ಒಂದು ಮೊಗ್ಗು ಬಿಡಲಿಲ್ಲ.

ಅದರ ಕಡ್ಡಿ ತಂದವಳು ನನ್ನ ಹೆಂಡತಿ. ಸಿರುಗುಪ್ಪದ ಅವಳ ತವರುಮನೆಯಲ್ಲಿ ಆ ಜಾಜಿ ಹಿತ್ತಲ ಗೋಡೆಗೆ ಆತುಕೊಂಡು, ಯಾರ ಆರೈಕೆಯೂ ಇಲ್ಲದೆ ಓಣಿಯ ಹೆಂಗಸರಿಗೆಲ್ಲ ಹೂ ಕೊಡುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಳು. ಇಲ್ಲಿ ನಾನು ಅದಕ್ಕೆ ರಾಜೋಪಚಾರ ಮಾಡಿದೆ. ಕಬ್ಬಿಣದ ಚಪ್ಪರ, ವಾರಕ್ಕೊಮ್ಮೆ ಶೇಂಗಾ ಹಿಂಡಿ ನೆನೆಸಿದ ನೀರು, ಬಿಸಿಲಿಗೆ ಹಸಿರು ಪರದೆ. ನಲ್ಲಿ ನೀರಿಗೆ ಕಾಯಬೇಕಾದ ಬಳ್ಳಾರಿಯಲ್ಲಿ ಅದಕ್ಕೆ ದಿನಕ್ಕೆರಡು ಸಲ ನೀರು. ಬಳ್ಳಿ ಚಪ್ಪರ ತುಂಬಿ, ಮಹಡಿ ಮುಟ್ಟಿ, ಅಲ್ಲಿಂದ ಕರೆಂಟಿನ ವೈರು ಹಿಡಿಯಿತು. ಹೂ ಮಾರುವ ಹೆಂಗಸು ಅದರ ನೆರಳಲ್ಲೇ ಬುಟ್ಟಿ ಇಳಿಸುತ್ತಿದ್ದಳು. ನನ್ನ ಹೆಂಡತಿ ಅಲ್ಲೇ ನಿಂತು ಅವಳಿಂದ ಒಂದು ಮೊಳ ಹೂ ಕೊಳ್ಳುತ್ತಿದ್ದಳು.

ಕಣ್ಣಿನ ಪೊರೆ ತೆಗೆಸಿಕೊಳ್ಳಲು ಕುರುಗೋಡಿನಿಂದ ನನ್ನ ಅಕ್ಕ ಬಂದಳು. ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಚಪ್ಪರದ ಕೆಳಗೆ ನಿಂತಳು.

"ತಮ್ಮಾ, ಇದಕ್ಕ ಹೊಟ್ಟಿ ತುಂಬೇತಿ. ಹೊಟ್ಟಿ ತುಂಬಿದ್ದು ಹೂವು ಯಾಕ ಬಿಡ್ತೈತಿ? ನೀರು ನಿಲ್ಸು. ಮೊಣಕಾಲುದ್ದ ಬಿಟ್ಟು ಕತ್ತರಿಸಿ ಹಾಕು."

"ಹಂಗ ಕತ್ತರಿಸಿದ್ರ ಸಾಯ್ತೈತಕ್ಕ."

"ಸಾಯಂಗಿಲ್ಲ. ಒಂದು ಕಣ್ಣಾಗ ನನಗ ಕಾಣ್ತೈತಿ, ಎರಡು ಕಣ್ಣಿದ್ದೂ ನಿನಗ ಕಾಣ್ವಲ್ದು."

ನಾನು ಕಲಿಸುತ್ತಿದ್ದುದೂ ಹೆಚ್ಚುಕಮ್ಮಿ ಇದೇ. ಆದರೆ ಅದು ಪರೀಕ್ಷೆಗೆ ಬರುವ ಗಿಡದ ಮಾತು, ಇದು ನಮ್ಮ ಮನೆಯ ಗಿಡ. ಮರುದಿನ ಅಕ್ಕ ಏಳುವುದರೊಳಗೆ ಎದ್ದು ನೀರು ಹಾಕಿದೆ.

ಅಕ್ಕ ಊರಿಗೆ ಮರಳಿದ ಮೇಲೆ, ಜನವರಿಯಲ್ಲಿ ಮದುವೆಯೊಂದಕ್ಕೆಂದು ಮೂರು ದಿನ ಸಿರುಗುಪ್ಪಕ್ಕೆ ಹೋಗಿದ್ದೆವು. ಬಂದು ನೋಡಿದರೆ ಚಪ್ಪರ ಬರಿದು. ಮೊಣಕಾಲೆತ್ತರದ ಮೋಟು ಬಿಟ್ಟರೆ ಏನೂ ಉಳಿದಿರಲಿಲ್ಲ. ರಸ್ತೆಯ ಕೊನೆಯಲ್ಲಿ ಕಂಬದಿಂದ ಇಳಿಯುತ್ತಿದ್ದ ಲೈನ್‌ಮನ್ ಸಿಕ್ಕ.

"ವೈರಿಗೆ ಸುತ್ಕೊಂಡಿತ್ರಿ ಸಾರ್, ಕಿಡಿ ಬರಾಕತ್ತಿತ್ತು. ಮ್ಯಾಲಿಂದ ಬಿಡಿಸಾಕ ಆಗ್ಲಿಲ್ಲ, ಕೆಳಗ ಕಡದು ಎಳದ್ವಿ."

"ಅದು ಜಾಜಿ ಬಳ್ಳಿ! ಗೊತ್ತೇನಪಾ ನಿನಗ?"

"ಹೌದೇನ್ರಿ? ಹೂವು ಒಂದೂ ಕಾಣ್ಲಿಲ್ರಿ."

ಮನೆಗೆ ಬಂದು, ಲ್ಯಾಟಿನ್ ಹೆಸರು ಸಹಿತ ಎರಡು ಪುಟದ ದೂರು ಬರೆದು ಅವರ ಆಫೀಸಿಗೆ ಕೊಟ್ಟೆ. ನಿಜ ಹೇಳಬೇಕೆಂದರೆ ಅಂದು ಊಟ ಸೇರಲಿಲ್ಲ. ಆ ಮೋಟನ್ನು ನೋಡಲಾಗದೆ ನೀರು ಹಾಕುವುದನ್ನೂ ಬಿಟ್ಟೆ. ಅದು ಚಿಗುರಿದ್ದು ಕಂಡರೂ ಹತ್ತಿರ ಹೋಗಲಿಲ್ಲ.

ಬೇಸಿಗೆಯ ಒಂದು ಬೆಳಿಗ್ಗೆ ಹೆಂಡತಿ ಕೂಗಿದಳು. "ರೀ, ಹೊರಗ ಬರ್ರಿ!"

ಎಳೆಯ ಕುಡಿಗಳ ತುದಿಗೆಲ್ಲ ಮೊಗ್ಗು. ವಾರದೊಳಗೆ ಗೇಟು ತೆರೆದರೆ ಸಾಕು, ಘಮ್ಮೆನ್ನುವಷ್ಟು ಹೂ. ಸಂತೋಷಪಡಲು ನಾಚಿಕೆಯಾಗಿ ಒಳಗೆ ಬಂದು ಪೇಪರ್ ಓದಿದೆ.

ನನ್ನ ದೂರಿನ ಮೇಲೆ ತನಿಖೆಗೆ ಅಧಿಕಾರಿ ಬಂದದ್ದು ಆಗಲೇ. ಜೊತೆಗೆ ಅದೇ ಲೈನ್‌ಮನ್.

"ಹಾನಿ ಆಗಿದ್ದ ಗಿಡ ಎಲ್ಲೈತ್ರಿ ಸಾರ್?" ಅಧಿಕಾರಿ ಕೇಳಿದರು. ಅವರ ತಲೆಯ ಮೇಲೆಯೇ ಹೂ ತೂಗುತ್ತಿದ್ದವು. ಲೈನ್‌ಮನ್ ಒಮ್ಮೆ ಮೇಲೆ ನೋಡಿ, ಮರ್ಯಾದೆಯಿಂದ ನೆಲ ನೋಡಿದ. ನಾನು ಅವರ ಫೈಲು ತೆಗೆದುಕೊಂಡು "ದೂರನ್ನು ಹಿಂಪಡೆದಿದ್ದೇನೆ" ಎಂದು ಬರೆದೆ. ಅಭ್ಯಾಸಬಲದಿಂದ ಸಹಿಯ ಕೆಳಗೆ ಡಿಗ್ರಿಯನ್ನೂ ಹಾಕಿದೆ. ನನ್ನ ಹೆಂಡತಿ ಎಲೆಯಲ್ಲಿ ಹೂ ಕಟ್ಟಿ ಲೈನ್‌ಮನ್ ಕೈಗಿಟ್ಟು, "ಮನಿಯಾಕಿಗೆ ಕೊಡಪಾ" ಎಂದಳು.

ಸಂಜೆ ಅಕ್ಕನಿಗೆ ಫೋನ್ ಮಾಡಿ, ಜಾಜಿ ಹೂ ಬಿಟ್ಟಿದೆ ಎಂದೆ.

"ಕತ್ತರಿಸಿದ್ಯಾ?"

"ಹೂಂ."

"ಶಾಣ್ಯಾ ಆದಿ ಬಿಡು" ಎಂದಳು. ಮೂವತ್ತು ವರ್ಷದ ಕೆಲಸದಲ್ಲಿ ಯಾರೂ ನನ್ನನ್ನು ಅಷ್ಟು ಮನಸಾರೆ ಹೊಗಳಿರಲಿಲ್ಲ. ನಿಜ ಹೇಳಿ ಅದನ್ನು ಕೆಡಿಸಿಕೊಳ್ಳಲಿಲ್ಲ.

ಈ ಜನವರಿಯಲ್ಲಿ ಕತ್ತರಿ ಹಿಡಿದು ನಾನೇ ಏಣಿ ಹತ್ತಿದೆ. ಎರಡು ಕವಲು ಕತ್ತರಿಸಿ, ಮೂರನೆಯದನ್ನು ಕತ್ತರಿಸದೆ ಚಪ್ಪರಕ್ಕೆ ಕಟ್ಟತೊಡಗಿದೆ. ಹೆಂಡತಿ ನನ್ನನ್ನು ಕೆಳಗಿಳಿಸಿ, ಸೆರಗು ಸಿಕ್ಕಿಸಿಕೊಂಡು ತಾನೇ ಹತ್ತಿದಳು. ನಾನು ಏಣಿ ಹಿಡಿದುಕೊಂಡು, ಬೇರೆ ಕಡೆ ನೋಡುತ್ತ ನಿಂತಿದ್ದೆ.