ಒಂದೇ ಹೆಸರಿನ ಎರಡು ಪೇಪರು

ಕಳೆದ ವಾರ ನಮ್ಮ ಮಗಳು ಗಿರಿಜೆ ಮಧ್ಯಾಹ್ನ ಫೇಲಾಗಿ ಸಂಜೆ ಪಾಸಾದಳು. ತಪ್ಪು ನನ್ನದೇ.

ಎಸ್ಸೆಸ್ಸೆಲ್ಸಿ ಪಾಸಾದವರ ನಂಬರುಗಳು ಮೈಸೂರಿನ ‘ಮೆಸೆಂಜರ್’ ಎಂಬ ಇಂಗ್ಲಿಷ್ ಪೇಪರಿನಲ್ಲಿ ಬರುತ್ತವೆ ಎಂದು ಸ್ಕೂಲಿನಲ್ಲಿ ಹೇಳಿದ್ದರು. ಯಜಮಾನರು ಯಳಂದೂರಿಗೆ ಹೋಗಿದ್ದರು. ಹಿಂದಿನ ದಿನ ನಾನೇ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿಗೆ ಹೋಗಿ ಏಜೆಂಟರಿಗೆ ಹೇಳಿದೆ: “ನಮ್ಮನೇವ್ರ ಹೆಸ್ರಿನ ಕಂಡಕ್ಟ್ರಿಗೆ ಯೋಳಿ, ನಾಳೆ ಮೆಸೆಂಜರ್ ಪೇಪ್ರು ತಂದ್ಕೊಡ್ಲಿ.”

“ಮಾದೇವಂಗಾ? ಆಯ್ತು ಬುಡವ್ವ.”

ಹೆಸರನ್ನೇ ಹೇಳಬಾರದಿತ್ತೇ ಅನ್ನುತ್ತೀರಾ? ಗಂಡನ ಹೆಸರನ್ನು ಬಾಯಲ್ಲಿ ಆಡಿ ನನಗೆ ಗೊತ್ತಿಲ್ಲ. (ಬರೆದೂ ಗೊತ್ತಿಲ್ಲ. ಇಲ್ಲಿ ಬಂದಿರುವುದು ಬೇರೆಯವರ ಮಾತು.) ಅವರದು ನಮ್ಮ ಬೆಟ್ಟದ ಸ್ವಾಮಿಯ ಹೆಸರು; ಅಷ್ಟು ಅಂದರೆ ಈ ಕಡೆಯವರಿಗೆ ಸಾಕು.

ಮಧ್ಯಾಹ್ನ ಪೇಪರು ಬಂತು. ಗಿರಿಜೆ ಮೂರು ಸಲ ಬೆರಳಿಟ್ಟು ಹುಡುಕಿದಳು. ನಂಬರಿಲ್ಲ. ಟೀಚರ್ ಆಗಬೇಕೆಂದು ಆಸೆಪಟ್ಟವಳು, “ಇನ್ ನನ್ನ ಓದುಸ್ಬೇಡ ಬುಡವ್ವ” ಎಂದು ಗೋಡೆಗೆ ಮುಖ ಮಾಡಿ ಕೂತಳು. ನಾನು ದೀಪ ಹಚ್ಚಿ ಸ್ವಾಮಿಗೆ ಒಂದು ಹರಕೆ ಹೊತ್ತೆ.

ಎದುರುಮನೆ ಮೇಷ್ಟ್ರು ಬಂದವರು ಪೇಪರಿನ ನೆತ್ತಿ ನೋಡಿದರು. “ಇದು ಮದ್ರಾಸ್ ಕಡೆ ಮೆಸೆಂಜರ್ ಕಣವ್ವ. ಯಾವ ಮಾದೇವಂಗೆ ಯೋಳಿದ್ರಿ? ಮೈಸೂರ್ ಗಾಡಿ ಮಾದೇವಂಗೋ, ಸತ್ಯಮಂಗಲದ ಗಾಡಿ ಮಾದೇವಂಗೋ?”

ಹೋದ ಜೀವ ಬಂತು. (ಏಜೆಂಟರು ಮೊದಲು ಸಿಕ್ಕಿದವನಿಗೆ, ತಮಿಳು ಸೀಮೆಯಿಂದ ಬರುವ ಸತ್ಯಮಂಗಲದ ಗಾಡಿಯವನಿಗೆ, ಹೇಳಿಬಿಟ್ಟಿದ್ದರು.)

“ಪೇಪ್ರಿನವ್ರು ಇನ್ನೊಬ್ರ ಹೆಸ್ರು ಇಟ್ಕೋಬೋದಾ ಮೇಷ್ಟ್ರೇ?”

“ಇಂಗ್ಲೆಂಡಲ್ಲೂ ಮೆಸೆಂಜರ್ ಅದೆ, ಅಮೆರಿಕದಲ್ಲೂ ಅದೆ. ಟೈಮ್ಸ್ ಅಂತೂ ಊರೂರ್ಗೂ ಅವೆ. ಒಬ್ಬ ಒಳ್ಳೆ ಹೆಸ್ರು ತಕಂಡ ಅಂದ್ರೆ, ಆ ನಂಬ್ಕೆ ನಮ್ಗೂ ಅಂಟ್ಲಿ ಅಂತ ಇನ್ನೊಬ್ಬ ಇಟ್ಕತಾನೆ. ಮೆಸೆಂಜರ್ ಅಂದ್ರೆ ಸುದ್ದಿ ತರೋನು. ಆ ಕೆಲ್ಸ ಎಲ್ಲಾ ದೇಸದಲ್ಲೂ ಒಂದೇ ಅಲ್ವಾ?”

ನಾವು ಮಾಡುವುದೂ ಇದನ್ನೇ ಅಲ್ಲವೇ? ಕೃಪೆಯೂ ಅಂಟೀತು ಎಂದು ಮನೆಗೊಬ್ಬರಿಗೆ ಸ್ವಾಮಿಯ ಹೆಸರಿಡುತ್ತೇವೆ. ಸಂತೆಯಲ್ಲಿ ಕೂಗಿದರೆ ಹತ್ತು ತಲೆ ತಿರುಗುತ್ತವೆ. ಆಗ ಮುಳ್ಳೂರಿನವನು, ಬಂಡಳ್ಳಿಯವನು ಎಂದು ಊರು ಸೇರಿಸುತ್ತೇವೆ. ಪೇಪರಿನವರೂ ಊರು ಸೇರಿಸಿದ್ದರು. ನೋಡದೇ ಹೋದವರು ನಾವು.

ಸಂಜೆ ಮೈಸೂರು ಗಾಡಿ ಬಂದಾಗ ಮೇಷ್ಟ್ರೇ ಹೋಗಿ, ಇಳಿದವರೊಬ್ಬರ ಕೈಯಿಂದ ಸರಿಯಾದ ಪೇಪರು ಕೇಳಿ ತಂದರು. ಎರಡನೇ ಸಾಲಿನಲ್ಲೇ ಇತ್ತು ನಮ್ಮ ಹುಡುಗಿಯ ನಂಬರು. ಅವತ್ತು ಅವಳು ಎರಡು ಹೊತ್ತಿನ ಊಟ ಒಟ್ಟಿಗೆ ಉಂಡಳು.

ಸ್ವಾಮಿ ನಡೆಸಿಕೊಟ್ಟ. ಇನ್ನು ಹರಕೆ ತೀರಿಸುವುದು ನನ್ನ ಪಾಲು. ಮನೆಯ ಮೊದಲ ಮೊಮ್ಮಗನಿಗೆ ಅವನ ಹೆಸರನ್ನೇ ಇಡುತ್ತೇನೆ ಎಂದು ಹೊತ್ತಿದ್ದೆ.

ಇಡೋಣ, ಅದಕ್ಕೇನು. ಆದರೆ ಆ ಕೂಸನ್ನು ನಾನು ಏನಂತ ಕರೆಯಲಿ?