ಚಳಿ ಬಿಡದ ಕಾರು, ಬೀಳದ ಹೂವು

ಬಾಗಿಲ ಮುಂದೆ ರಂಗೋಲಿ ಹಾಕಿ, ನಡುವೆ ಇಟ್ಟ ಸಗಣಿ ಉಂಡೆಗೆ ಕುಂಬಳದ ಹೂ ಸಿಕ್ಕಿಸುತ್ತಿದ್ದೆ. ಮೇಲಿನ ಮನೆಯಿಂದ ನಮ್ಮ ಮನೆಯೊಡತಿ ಮಾದಮ್ಮನವರ ಕೂಗು ಕೇಳಿತು: "ಸೀರೆ! ಅಯ್ಯೋ ಸಾಮೀ, ಈಗ ಸೀರೆ ಎಲ್ಲಿಂದ ತರ್ಲಿ!" ನಂಗವಳ್ಳಿಗೆ ಕೊಟ್ಟಿದ್ದ ಅವರ ಅಕ್ಕ ಹಿಂದಿನ ರಾತ್ರಿ ತೀರಿಕೊಂಡ ಸುದ್ದಿ ಫೋನಿನಲ್ಲಿ ಆಗಷ್ಟೇ ಬಂದಿತ್ತು. ಸಾವಿನ ಸುದ್ದಿ ಕೇಳಿದವರು ಅಳುವುದನ್ನು ಕಂಡಿದ್ದೇನೆ. ಮೊದಲು ಸೀರೆಗಾಗಿ ಕೂಗಿದವರನ್ನು ಕಂಡದ್ದು ಆವತ್ತೇ.

ಇದು ಹೋದ ಮಾರ್ಗಳಿಯ ಮಾತು. ಮಾರ್ಗಳಿ ಎಂದರೆ ನಮ್ಮ ಧನುರ್ಮಾಸ. ನಮ್ಮಲ್ಲಿ ಆ ತಿಂಗಳು ದೇವಸ್ಥಾನದಲ್ಲಿ ಹುಗ್ಗಿಯ ಪ್ರಸಾದವಾದರೆ ಇಲ್ಲಿ ಪ್ರತಿ ಮನೆಯ ಮುಂದೆ ಹೂವಿಟ್ಟ ರಂಗೋಲಿ. ಅದನ್ನೂ ಮಾದಮ್ಮನವರಿಂದಲೇ ಕಲಿತೆ.

ಅರಸೀಕೆರೆ ಕಡೆಯ ನಾವು ಧರ್ಮಪುರಿ ಹತ್ತಿರದ ನಲ್ಲಂಪಳ್ಳಿಗೆ ಬಂದದ್ದು ಯಜಮಾನರ ಕೆಲಸದ ಕಾರಣಕ್ಕೆ. ಮರಗೆಣಸಿನಿಂದ ಸಬ್ಬಕ್ಕಿ ಮಾಡುವ ಕಾರ್ಖಾನೆಯಲ್ಲಿ ಅವರು ಮೇಲ್ವಿಚಾರಕರು. ಬಂದ ಹೊಸತರಲ್ಲಿ ನಾನು ಅಂಗಡಿಯಲ್ಲಿ ಬೆರಳು ತೋರಿಸಿ ಸಾಮಾನು ಕೊಳ್ಳುತ್ತಿದ್ದೆ. ಬಸ್ಸಿನ ಬೋರ್ಡು ಓದಲು ಬರದೆ ಸೇಲಂ ಬಸ್ಸು ಹತ್ತಿ, ಕಂಡಕ್ಟರು ಬೈದದ್ದೂ ಅರ್ಥವಾಗದೆ ಕಣ್ಣೀರು ಹಾಕಿದ್ದೆ. ಬಾಡಿಗೆ ಮನೆ ಕೇಳಲು ಹೋದಾಗ ನನ್ನ ಹರಕು ತಮಿಳು ಕೇಳಿ ಮಾದಮ್ಮನವರು ಸೊಂಟದ ಮೇಲೆ ಕೈಯಿಟ್ಟುಕೊಂಡು, "ಕನ್ನಡದಾಗೇ ಏಳಮ್ಮಾ, ಯಾಕಿಂಗೆ ನಾಲ್ಗೆ ತಿರುಚ್ಕೋತೀಯಾ?" ಎಂದಿದ್ದರು. ಅವತ್ತು ದೇವರಿಗೆ ತುಪ್ಪದ ದೀಪ ಹಚ್ಚಿದ್ದೆ. ಇಲ್ಲಿ ತಲೆಮಾರುಗಳಿಂದ ಕನ್ನಡ ಮಾತಾಡುವ ಒಕ್ಕಲು ಮನೆಗಳಿವೆ ಎಂದು ನಮ್ಮೂರಲ್ಲಿ ಯಾರೂ ನನಗೆ ಹೇಳಿರಲಿಲ್ಲ. ಆಕೆಯನ್ನು ನಾನು ಅವ್ವಾ ಎಂದೇ ಕರೆಯುವುದು.

ನಮ್ಮ ಕಾರಿನ ವಿಷಯವನ್ನೂ ಹೇಳಬೇಕು. ಯಜಮಾನರ ಎಡ ಮೊಣಕಾಲು ಕಾರ್ಖಾನೆಯಲ್ಲಿ ಬಿದ್ದು ಕೆಟ್ಟಿದೆ, ಕ್ಲಚ್ ತುಳಿಯಲಾಗುವುದಿಲ್ಲ. ಅದಕ್ಕೇ ತಾನಾಗಿ ಗೇರು ಬದಲಾಗುವ ಹಳೆಯ ಆಟೋಮ್ಯಾಟಿಕ್ ಕಾರು ತಂದರು. ಊರಲ್ಲಿದ್ದಾಗ ನಮಗೆ ಸ್ಕೂಟರೇ ಗತಿ, ಹಾಗಾಗಿ ಅದೂ ದೇವರ ದಯೆಯೇ. ಆದರೆ ಚಳಿಯ ಬೆಳಗಿನಲ್ಲಿ ಅದಕ್ಕೆ ಮೈ ಬಗ್ಗುವುದಿಲ್ಲ. ಗೇರಿಗೆ ಹಾಕಿದರೆ ಒಂದು ಗಳಿಗೆ ಸುಮ್ಮನಿದ್ದು ಆಮೇಲೆ ದಡಕ್ಕನೆ ಜಗ್ಗುತ್ತದೆ. ಎಂಜಿನ್ನು ಅರಚುತ್ತದೆ, ಚಕ್ರ ಮಾತ್ರ ಸಾವಕಾಶವಾಗಿ ಉರುಳುತ್ತದೆ. ಗೇರಿನ ಎಣ್ಣೆ ತಣ್ಣಗಿದ್ದರೆ ಹೀಗೇ, ಸ್ವಲ್ಪ ಹೊತ್ತು ಸ್ಟಾರ್ಟ್ ಮಾಡಿಟ್ಟು ಆಮೇಲೆ ನಿಧಾನವಾಗಿ ಹೊರಡಿ ಎಂದು ಮೆಕ್ಯಾನಿಕ್ ಹೇಳಿದ್ದ. ನಾನು ದೇವರ ದೀಪ ಹಚ್ಚಿ ಮುಗಿಸುವಷ್ಟರಲ್ಲಿ ಕಾರೂ ಸಿದ್ಧವಾಗುತ್ತಿತ್ತು. "ನಿನ್ ಗಂಡನ್ ವಂಡಿ ಕಾಪಿ ಕುಡೀದೆ ಏಳಾಕಿಲ್ಲ ಕಣಮ್ಮಾ" ಎಂದು ಅವ್ವ ನಗುತ್ತಿದ್ದರು.

ಆ ಬೆಳಿಗ್ಗೆ ಯಾರಿಗೂ ನಗುವಿರಲಿಲ್ಲ. ಮುತ್ತೈದೆ ಸತ್ತರೆ ತವರಿನವರು ಹೊಸ ಸೀರೆ ತಂದು ಹೊದಿಸಬೇಕು. ಅದನ್ನು ಇಲ್ಲಿ ಕೋಡಿ ಎನ್ನುತ್ತಾರೆ. ನಮ್ಮ ಕಡೆಯೂ ತವರಿನ ಸೀರೆ ಉಂಟು, ಆದರೆ ಇಲ್ಲಿಯವರಷ್ಟು ಕಟ್ಟುನಿಟ್ಟಾಗಿ ನಡೆಸುವುದನ್ನು ನಾನು ಕಂಡಿಲ್ಲ. ಅಕ್ಕನ ತವರಿನಲ್ಲಿ ಉಳಿದವರು ಅವ್ವ ಒಬ್ಬರೇ. ಅವರ ಮಗ ಲಾರಿ ತೆಗೆದುಕೊಂಡು ದೂರ ಹೋಗಿದ್ದ. ಸೋಮವಾರವಾದ್ದರಿಂದ ಏಳೂವರೆಗೆ ರಾಹುಕಾಲ. ಅದಕ್ಕೆ ಮುಂಚೆ ಎತ್ತುತ್ತೇವೆ ಎಂದು ನಂಗವಳ್ಳಿಯವರು ಹೇಳಿದ್ದರು. ಅಂಗಡಿ ಒಂದೂ ತೆರೆದಿರಲಿಲ್ಲ.

ನನ್ನ ಬೀರುವಿನಲ್ಲಿ ಗೌರಿ ಹಬ್ಬಕ್ಕೆ ಅಣ್ಣ ಕಳಿಸಿದ ಹಸಿರು ಸೀರೆ ಮಡಿಕೆ ಬಿಚ್ಚದೆ ಇತ್ತು. ತಂದುಕೊಟ್ಟೆ.

"ಇದು ನಿನ್ ತವರ್ ಸೀರೆ ಅಲ್ವಾ?"

"ತವರಿನ ಕೆಲಸಕ್ಕೇ ತಾನೇ ಅವ್ವಾ, ಇಟ್ಟುಕೊಳ್ಳಿ."

ಅದನ್ನು ಎದೆಗೊತ್ತಿಕೊಂಡು ಕಾರು ಹತ್ತಿದರು, ನಾನೂ ಪಕ್ಕ ಕೂತೆ. ಆರು ಗಂಟೆಯೂ ಆಗಿರಲಿಲ್ಲ, ಮಂಜು ಬೇರೆ. ಯಜಮಾನರು ಕೀಲಿ ತಿರುಗಿಸಿದವರೇ ಕಾಯದೆ ಹೊರಡಿಸಿಬಿಟ್ಟರು. ನಮ್ಮ ಬೀದಿ ಮುಖ್ಯರಸ್ತೆಗೆ ಏರುವಲ್ಲಿ ದಿಬ್ಬವಿದೆ. ಅಲ್ಲಿ ಎಂಜಿನ್ನು ಅರಚಿತು, ಕಾರು ಮುಂದಕ್ಕೆ ಹೋಗುವ ಬದಲು ಒಂದು ಮಾರು ಹಿಂದಕ್ಕೆ ಜಾರಿ ದಡಕ್ಕನೆ ನಿಂತಿತು.

"ನಿಲ್ಸು ತಂಬೀ, ನಿಲ್ಸು!" ಅವ್ವ ಬಾಗಿಲು ತೆಗೆದೇಬಿಟ್ಟರು. "ಕೋಡಿ ಇಡ್ಕೊಂಡ್ ಒಂಟೋಳು ನಾನು, ವಂಡಿ ಇಂದಕ್ ಓಗ್ತೈತಲ್ಲಾ! ಬ್ಯಾಡ ಅಂತಾವ್ಳೆ ಅಕ್ಕ."

"ಅವ್ವಾ, ಆಯಿಲ್ ತಣ್ಣಗಿದೆ ಅಷ್ಟೇ. ಎರಡು ನಿಮಿಷ ಕೂತಿರಿ," ಎಂದರು ಇವರು.

"ಅದ್ನ ನಂಗೇಳ್ಬ್ಯಾಡ. ಮಾದಪ್ಪನ್ ಕೇಳ್ತೀನಿ."

ಹೊರಟಾಗ ತಡೆಯಾದರೆ ಒಳಗೆ ಬಂದು ಕೂತು ನೀರು ಕುಡಿದು ಮತ್ತೆ ಹೊರಡುವುದು ನಮ್ಮಲ್ಲೂ ಇದೆ. ಇಳಿದು ಮನೆಗೆ ಹಿಂದಿರುಗಿದ ಅವ್ವ ಅಷ್ಟಕ್ಕೆ ನಿಲ್ಲಲಿಲ್ಲ. ದೀಪ ಹಚ್ಚಿ, ಮಾದಪ್ಪನ ಪಟದ ಎರಡೂ ಬದಿಗೆ ಹೂವಿಟ್ಟು, ಬಲಗಡೆಯದು ಬಿದ್ದರೆ ಹೋಗು ಎಂದು ಅಪ್ಪಣೆ, ಎಡಗಡೆಯದಾದರೆ ಬೇಡ ಎಂದು ಕೈಮುಗಿದು ಕೂತರು. ನಾನೂ ಪಕ್ಕದಲ್ಲಿ ಕೂತೆ. ಆಳುವ ದೇವರ ಮುಂದೆ, ಅಳುವ ಹಿರಿಯಳಿಗೆ, ಎದ್ದೇಳಿ ಎಂದು ಯಾವ ಬಾಯಿಂದ ಹೇಳಲಿ?

ಮಂಜಿಗೆ ಒದ್ದೆಯಾದ ಹೂವು ಗಾಜಿಗೆ ಅಂಟಿಕೊಂಡಿತ್ತು. ಹೊರಗೆ, ಬಾಗಿಲಿಗೆ ತಂದು ನಿಲ್ಲಿಸಿದ್ದ ಕಾರಿನ ಸದ್ದು ಮೊದಲು ಜೋರಾಗಿದ್ದುದು ಇಳಿಯುತ್ತ ಇಳಿಯುತ್ತ ಗುಂಯ್‌ಗುಡುವಷ್ಟಾಯಿತು. ಇವರು ಹೊಸ್ತಿಲ ತನಕ ಬಂದು ನನ್ನ ಮುಖ ನೋಡಿದರು. ನಾನು ಇನ್ನೂ ಇಲ್ಲ ಎಂದು ತಲೆ ಆಡಿಸಿದೆ, ಇವರು ಹಿಂದಿರುಗಿದರು. ಹೂವು ಬೀಳಲಿ ಎಂದು ನಾನು ಅಷ್ಟು ಬೇಡಿಕೊಂಡದ್ದು ನನ್ನ ಮದುವೆಯ ಹೊತ್ತಿನಲ್ಲೂ ಇಲ್ಲ.

ಬಿತ್ತು. ಬಲಗಡೆಯದೇ. ಅಷ್ಟರಲ್ಲಿ ಆರೂವರೆ ದಾಟಿತ್ತು.

ಈಗ ಕಾರು ಒಂದು ಜಗ್ಗೂ ಇಲ್ಲದೆ ದಿಬ್ಬ ಹತ್ತಿತು. "ನೋಡ್ದ್ಯಾ ತಂಬೀ? ಅಪ್ಪಣೆ ಆದ್ಮ್ಯಾಲೆ ಎಂಗೈತೆ ನೋಡು," ಎಂದರು ಅವ್ವ. ಇವರು ಗಡಿಯಾರ ನೋಡಿ ಆಕ್ಸಿಲರೇಟರ್ ತುಳಿದರು. ತೊಪ್ಪೂರಿನ ಇಳಿಜಾರಿನಲ್ಲಿ ಲಾರಿಗಳ ನಡುವೆ ಅವರು ಓಡಿಸಿದ ವೇಗಕ್ಕೆ ನಾನು ಕಣ್ಣು ಮುಚ್ಚಿ ಹರಿನಾಮ ಹೇಳಿಕೊಂಡೆ.

ನಂಗವಳ್ಳಿ ತಲುಪಿದಾಗ ಮನೆಯ ಮುಂದೆ ನೀರು ಚೆಲ್ಲಿ ಗುಡಿಸುತ್ತಿದ್ದರು. ತಮಟೆಯ ಸದ್ದು ಬೀದಿಯ ತುದಿಯಾಚೆ ಕೇಳುತ್ತಿತ್ತು. ಅಲ್ಲಿಂದ ಮುಂದಕ್ಕೆ ಹೆಂಗಸರು ಹೋಗುವಂತಿಲ್ಲ. ಅವ್ವ ಸೀರೆಯನ್ನು ಇವರ ಕೈಗಿತ್ತು, "ಓಡಪ್ಪಾ, ಮೊಕ ಮುಚ್ಚೋಕ್ ಮುಂಚೆ ಓಡು" ಎಂದು ಬೀದಿಯ ಮಧ್ಯದಲ್ಲೇ ಕುಸಿದು ಕೂತರು. ಆ ಕೆಟ್ಟ ಕಾಲಿನಲ್ಲಿ ಇವರು ಕುಂಟುತ್ತ ಓಡಿದ್ದನ್ನು ನೋಡಿದೆ. ದಾರಿಯಲ್ಲಿ ಚಟ್ಟ ಇಳಿಸಿ ತಿರುಗಿಸುವ ಜಾಗದಲ್ಲಿ ಹೆಣ ಹೊತ್ತವರು ಸಿಕ್ಕರಂತೆ. ಸೀರೆ ಹೊದಿಸಿದರು. ದೇವರು ಅಷ್ಟಾದರೂ ನಡೆಸಿಕೊಟ್ಟ. ಆದರೆ ಅವ್ವ ತನ್ನ ಕೈಯಾರೆ ಹೊದಿಸಲಿಲ್ಲ, ಅಕ್ಕನ ಮುಖ ನೋಡಲಿಲ್ಲ.

ಹಿಂದಿರುಗುವಾಗ ಇವರು ಒಂದೇ ಮಾತಾಡಿದರು: "ನಾನು ಆ ಎರಡು ನಿಮಿಷ ಕಾದಿದ್ದರೆ ಸಾಕಿತ್ತು." ಅವ್ವ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, "ಓದ್ ವರ್ಸ ನೋಡಾಕ್ ಬಾ ಅಂದಿದ್ಲು. ಓಗ್ನಿಲ್ಲ. ಈಗ ಅವ್ಳೇ ಬ್ಯಾಡ ಅಂದ್ಲು," ಎಂದರು.

ನನಗೆ ತಡೆಯಲಾಗಲಿಲ್ಲ. "ಹಾಗನ್ನಬೇಡಿ ಅವ್ವಾ. ದಿನಾ ಬೆಳಿಗ್ಗೆ ಆ ಕಾರು ಹಾಗೇ ಮಾಡುತ್ತೆ, ನೀವೇ ನೋಡಿ ನಕ್ಕಿಲ್ವಾ? ಚಳಿಗೆ ಹಾಗಾಯ್ತು. ನಿಮ್ಮಕ್ಕ ಯಾಕೆ ಬೇಡ ಅಂತಾರೆ?"

ಅವ್ವ ನನ್ನ ಕಡೆ ತಿರುಗಿದರು. ಕೋಪವಿರಲಿಲ್ಲ. "ಸರಿ ಕಣಮ್ಮಾ, ವಂಡಿಗೆ ಚಳಿ ಆಯ್ತು. ಊವಿಗೂ ಚಳಿ ಆಯ್ತಾ?"

ಹೂವಿಗೂ ಚಳಿಯೇ ಎಂದರೆ ನಾನು ನಂಬಿ ಬದುಕಿದ ದೇವರ ಅಪ್ಪಣೆಯೇ ಸುಳ್ಳಾಗುತ್ತದೆ. ಅಲ್ಲ ಎಂದರೆ ಒಬ್ಬ ತಂಗಿ ತನ್ನ ಅಕ್ಕನಿಗೆ ಬೇಡವಾದಳು ಎಂದಾಗುತ್ತದೆ. ಅರಸೀಕೆರೆಯಲ್ಲಾಗಿದ್ದರೆ ಅಮ್ಮನ ಹತ್ತಿರ ಓಡುತ್ತಿದ್ದೆ. ಫೋನಿನಲ್ಲಿ ಹೇಳಿದೆ. "ಹೂವು ಸುಮ್ಮನೆ ತಡೆಯಲ್ಲ ಕಣೆ," ಎಂದಳು ಅಮ್ಮ. ಅಲ್ಲಿನ ಮಗಳಾಗಿ ಹೂಂಗುಟ್ಟಿದೆ. ಮೇಲಿನ ಮನೆಯಲ್ಲಿ ಅವ್ವ ಅಳುವುದು ಕೇಳಿದಾಗ ಇಲ್ಲಿನ ಮಗಳಾಗಿ, ಅಮ್ಮನ ಮಾತು ತಪ್ಪಿರಲಿ ಎಂದು ಬೇಡಿಕೊಂಡೆ.

ಮಣ್ಣಾದ ದಿನ ಅವ್ವನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ತಲೆಗೆ ಸ್ನಾನ ಮಾಡಿ ಒದ್ದೆ ಕೂದಲಿಗೆ ಗಂಟು ಹಾಕಿಕೊಂಡೆ. ನಮ್ಮೂರಿನ ಮುದ್ದೆಗೆ ಇಲ್ಲಿ ಕಳಿ ಎನ್ನುತ್ತಾರೆ, ಅವ್ವನಿಗೆ ಅದು ಮೆತ್ತಗಿರಬೇಕು. ನೀರು ಸ್ವಲ್ಪ ಹೆಚ್ಚಾಗಿಯೇ ಹಾಕಿ ಎಸರಿಟ್ಟೆ.